ಕೆನ್ನೆಗೆ ಫಿಲ್ಲರ್ ಹಾಕಿಸುವ ಮುನ್ನ ಡಬ್ಬಿ ಕೇಳಿ

14 ಕಿಲೋ ತೂಕ ಇಳಿಸಿದಾಗ ಸೊಂಟಕ್ಕಿಂತ ಮೊದಲು ಬತ್ತಿದ್ದು ನನ್ನ ಕೆನ್ನೆ. ಯಾವ ಮನೆಯ ನಾಮಕರಣಕ್ಕೆ ಹೋದರೂ "ಯಾಕಮ್ಮ, ಹುಷಾರಿಲ್ಲವೇ?" ಎಂಬ ವಿಚಾರಣೆ. ತಂಗಿಯ ಮದುವೆ ಹತ್ತಿರವಾಗುತ್ತಿದ್ದಂತೆ ನನಗೂ ತಲೆ ಕೆಟ್ಟಿತು.

ಮೊದಲು ಹೋದದ್ದು ಒಬ್ಬ ಪ್ಲಾಸ್ಟಿಕ್ ಸರ್ಜನ್ ಬಳಿಗೆ. ಮೇಲ್ದುಟಿಯ ಒಳಗೆ ಕೊಯ್ದು ಕೆನ್ನೆಮೂಳೆಯ ಮೇಲೆ ಸಿಲಿಕೋನ್ ಇಂಪ್ಲಾಂಟ್ ಕೂರಿಸಬಹುದು ಎಂದರು. ಅದು ಜಾಗ ಬಿಟ್ಟು ಸರಿಯಬಹುದು, ಸೋಂಕಾಗಬಹುದು, ತುಟಿ ಜೋಮು ಹಿಡಿಯಬಹುದು ಎಂಬುದನ್ನೂ ಮುಚ್ಚಿಡಲಿಲ್ಲ. ಹೊಟ್ಟೆಯ ಕೊಬ್ಬನ್ನೇ ತೆಗೆದು ತುಂಬಿದರೆ ಅದರಲ್ಲಿ ಒಂದಷ್ಟು ಕರಗಿಹೋಗುತ್ತದೆ, ಎಷ್ಟು ಉಳಿಯುತ್ತದೆಂದು ಮೊದಲೇ ಹೇಳಲಾಗದು ಎಂದರು. ಪ್ರಾಮಾಣಿಕ ಮನುಷ್ಯ. ಆದರೆ ನಾನು ಹೆದರಿದ್ದು ಅವರಿಗೇ. ಕೆನ್ನೆ ತುಂಬಿಕೊಳ್ಳಲೆಂದು ಚರ್ಮದಡಿಗೆ ಚುಚ್ಚುವ ವಸ್ತುವೇ ಫಿಲ್ಲರ್. 'ಫಿಲ್ಲರ್ ಎಂದರೆ ಬರೀ ಸೂಜಿ ತಾನೇ' ಎಂದುಕೊಂಡು, ಅರ್ಧ ಬೆಲೆಗೆ ಒಪ್ಪಿದ ಬ್ಯೂಟಿ ಕ್ಲಿನಿಕ್ ಒಂದಕ್ಕೆ ಹೋಗಿ ಕುಳಿತೆ.

ತಟ್ಟೆಯಲ್ಲಿ ಸಿರಿಂಜು ಆಗಲೇ ತುಂಬಿ ಸಿದ್ಧವಾಗಿತ್ತು. ಬಿಳಿ ಕೋಟು ತೊಟ್ಟಾಕೆ ವೈದ್ಯೆಯೋ ಅಲ್ಲವೋ ನಾನು ಕೇಳಲಿಲ್ಲ. ಎಡಗೆನ್ನೆ ಸುಸೂತ್ರವಾಗಿ ಮುಗಿಯಿತು. ಬಲಗಡೆ ಚುಚ್ಚಿದಾಗ ಹಲ್ಲು ಕಚ್ಚುವಂಥ ನೋವು. ಮೂಗಿನ ಪಕ್ಕದಿಂದ ಮೇಲ್ದುಟಿಯವರೆಗೆ ಚರ್ಮ ಸುಣ್ಣದಂತೆ ಬಿಳಿಚಿತು. "ಐಸ್ ಇಡಿ, ನಾಳೆಗೆ ಸರಿಹೋಗುತ್ತದೆ" ಎಂದು ಕಳುಹಿಸಿದರು.

ರಾತ್ರಿ ಅಮ್ಮ ದೀಪದ ಕೆಳಗೆ ನಿಲ್ಲಿಸಿ ನೋಡಿದಳು. "ಇದು ರಕ್ತ ಹೆಪ್ಪುಗಟ್ಟಿದ ಹಾಗಿಲ್ಲ ಕಣೇ, ಬಲೆ ಹಾಸಿದ ಹಾಗಿದೆ." ನೇರಳೆ ಬಣ್ಣದ ಬಲೆ. ಬೆರಳಿನಿಂದ ಒತ್ತಿ ಬಿಟ್ಟರೆ ಬಣ್ಣ ಬೇಗ ಮರಳುತ್ತಿರಲಿಲ್ಲ.

ಆಸ್ಪತ್ರೆಯಲ್ಲಿ ಚರ್ಮರೋಗ ತಜ್ಞೆ ಮೊದಲು ಒಂದೊಂದೇ ಕಣ್ಣು ಮುಚ್ಚಿಸಿ ದೃಷ್ಟಿ ಪರೀಕ್ಷಿಸಿದರು. ಫಿಲ್ಲರ್ ರಕ್ತನಾಳಕ್ಕೆ ಹೊಕ್ಕು ಅಡ್ಡಗಟ್ಟಿದರೆ ಚರ್ಮ ಸಾಯಬಹುದು. ಕಣ್ಣಿನ ನಾಳಕ್ಕೆ ತಲುಪಿದರೆ ದೃಷ್ಟಿಯೇ ಹೋಗಬಹುದಂತೆ. ಆಮೇಲೆ ಕೇಳಿದರು: "ಯಾವ ಫಿಲ್ಲರ್?"

ನನ್ನ ಬಳಿ ಉತ್ತರವಿರಲಿಲ್ಲ. ಕ್ಲಿನಿಕ್ಕಿನವರು ಫೋನ್ ಎತ್ತಲಿಲ್ಲ. ಹೈಯಲುರಾನಿಕ್ ಆಮ್ಲದ ಫಿಲ್ಲರ್ ಆಗಿದ್ದರೆ ಹೈಯಲುರಾನಿಡೇಸ್ ಎಂಬ ಚುಚ್ಚುಮದ್ದು ಅದನ್ನು ಕರಗಿಸುತ್ತದೆ. ಕ್ಯಾಲ್ಸಿಯಂ ಆಧಾರಿತವಾದದ್ದಾದರೆ ಕರಗುವುದಿಲ್ಲ, ಸಿಲಿಕೋನ್ ದ್ರವವಂತೂ ಇಲ್ಲವೇ ಇಲ್ಲ. ಕಾಯುವಷ್ಟು ಹೊತ್ತಿಲ್ಲವೆಂದು ಅವರು ಹೈಯಲುರಾನಿಡೇಸ್ ಕೊಟ್ಟೇಬಿಟ್ಟರು. ಬೆಳಗಿನವರೆಗೆ ಮತ್ತೆ ಮತ್ತೆ. ಕರಗಿತು. ಮೂಗಿನ ಪಕ್ಕ ತೊಗರಿಬೇಳೆಯಷ್ಟು ಕಲೆ ಉಳಿದಿದೆ.

ಹಾಕಿಸಲೇಬೇಕೆಂದಿದ್ದರೆ ಚರ್ಮರೋಗ ತಜ್ಞರು ಅಥವಾ ಪ್ಲಾಸ್ಟಿಕ್ ಸರ್ಜನ್ ಬಳಿಯೇ ಹಾಕಿಸಿ, ಅವರ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ನೋಡಿ. ಮೊಹರು ಒಡೆಯದ ಡಬ್ಬಿಯನ್ನು ನಿಮ್ಮೆದುರೇ ತೆರೆಯಲಿ. ಹೆಸರು, ಬ್ಯಾಚ್ ಸಂಖ್ಯೆ ಇರುವ ಚೀಟಿಯನ್ನು ಕೇಳಿ ಪಡೆಯಿರಿ. ಹೈಯಲುರಾನಿಡೇಸ್ ಆ ಕೋಣೆಯಲ್ಲೇ ಇದೆಯೇ ಎಂದು ಕೇಳಿ. ಮುಖ ಸಿಂಡರಿಸಿದರೆ ಎದ್ದು ಬನ್ನಿ. ಚರ್ಮ ಬಿಳಿಚಿದರೆ, ಬಲೆಯಂತಾದರೆ, ಕಣ್ಣು ಮಂಜಾದರೆ ಆ ಕ್ಷಣವೇ ಆಸ್ಪತ್ರೆಗೆ ಹೊರಡಿ, ನನ್ನಂತೆ ರಾತ್ರಿಯವರೆಗೆ ಐಸ್ ಹಿಡಿದು ಕೂರಬೇಡಿ.

ಮದುವೆಯ ಫೋಟೋಗಳಲ್ಲಿ ನನ್ನ ಎಡಗೆನ್ನೆ ಮಾತ್ರ ತುಂಬಿಕೊಂಡಿದೆ. ದೂರು ಕೊಡೋಣವೆಂದು ರಸೀದಿ ಹುಡುಕಿದೆ. ಅದರಲ್ಲಿ ಬರೆದಿರುವುದು: 'ಫೇಶಿಯಲ್ ಪ್ಯಾಕೇಜ್, ಒಂದು.'