ಲೈಟಿಗೆ ಯಾವುದು, ಶ್ರುತಿಗೆ ಯಾವುದು: ಮೂರು ಸರ್ಕಿಟ್‌ಗಳ ಹೋಲಿಕೆ

ಹಾಡಿಗೆ ತಕ್ಕಂತೆ ಎಲ್‌ಇಡಿ ಕುಣಿಸುವುದು ಒಂದು ಕೆಲಸ. ತಂಬೂರಿ ಯಾವ ಶ್ರುತಿಯಲ್ಲಿದೆ ಎಂದು ಹೇಳುವುದು ಬೇರೆಯದೇ ಕೆಲಸ. ಎರಡನ್ನೂ ಮೂರು ಬಗೆಯಲ್ಲಿ ಮಾಡಿ ನೋಡಿದೆ.

ಎಂಎಸ್‌ಜಿಇಕ್ಯೂ7 ಎಂಟು ಕಾಲಿನ ಪುಟ್ಟ ಐಸಿ (ಚಿಪ್). 63 ಹರ್ಟ್ಸ್‌ನಿಂದ 16 ಕಿಲೋಹರ್ಟ್ಸ್‌ವರೆಗಿನ ಏಳು ಕಂಪನಾಂಕ ಪಟ್ಟಿಗಳ ಸದ್ದಿನ ಮಟ್ಟವನ್ನು ಒಂದರ ಹಿಂದೊಂದು ವೋಲ್ಟೇಜ್ ಆಗಿ ಕೊಡುತ್ತದೆ. ಆರ್ಡುಯಿನೋ ಊನೋ (ಪ್ರೋಗ್ರಾಂ ಹಾಕಬಹುದಾದ ಪುಟ್ಟ ಬೋರ್ಡು) ಅದನ್ನು ಸುಮ್ನೆ ಏಳು ಸಲ ಓದಿದರೆ ಮುಗೀತು. ಲೈಟಿಗೆ ಇಷ್ಟು ಸಾಕು. ಆದರೆ ನಕಲಿ ಮಾಲು ಜಾಸ್ತಿ. ನನಗೆ ಬಂದ ಒಂದು ಚಿಪ್ಪಿನಲ್ಲಿ ಏಳು ಪಟ್ಟಿಯೂ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತಿತ್ತು! ಶ್ರುತಿಗಂತೂ ಇದು ಬೇಡವೇ ಬೇಡ. ಪಟ್ಟಿಗಳು 160 ಹರ್ಟ್ಸ್ ಆದ ಮೇಲೆ ನೇರ 400. ನಡುವೆ ಒಂದು ಸ್ಥಾಯಿಗಿಂತ ಹೆಚ್ಚು ಜಾಗ ಇದೆ.

ಐಸಿ ಬಿಟ್ಟು ಊನೋದಲ್ಲೇ ಎಫ್‌ಎಫ್‌ಟಿ (ಸದ್ದನ್ನು ಕಂಪನಾಂಕಗಳಾಗಿ ಬಿಡಿಸುವ ಲೆಕ್ಕ) ಮಾಡಿದರೆ? ಅದರ ರ್‍ಯಾಮ್ ಇರುವುದೇ 2 ಕೆಬಿ. ಫ್ಲೋಟ್‌ನಲ್ಲಿ (ದಶಾಂಶ ಸಂಖ್ಯೆಯಾಗಿ) 128 ಸ್ಯಾಂಪಲ್, ಅಂದರೆ ಸದ್ದಿನ ಅಳತೆ, ಇಟ್ಟು ಎಫ್‌ಎಫ್‌ಟಿಗೆ ಬೇಕಾದ ಅಷ್ಟೇ ಉದ್ದದ ಇನ್ನೊಂದು ಸಾಲು ಸೇರಿಸಿದರೆ ಅರ್ಧ ಮುಗೀತು. ವೋಲ್ಟೇಜ್ ಓದುವ ಅನಲಾಗ್‌ರೀಡ್ ಆಜ್ಞೆ ಸೆಕೆಂಡಿಗೆ ಸುಮಾರು 9000 ಸಲ ಓದುತ್ತದೆ. 9000ವನ್ನು 128ರಿಂದ ಭಾಗಿಸಿ: ಎಫ್‌ಎಫ್‌ಟಿ ಗ್ರಾಫಿನಲ್ಲಿ ಕಂಬದಿಂದ ಕಂಬಕ್ಕೆ 70 ಹರ್ಟ್ಸ್. ಹಾರ್ಮೋನಿಯಂನ ಬಿಳಿ ಒಂದು ಸುಮಾರು 131 ಹರ್ಟ್ಸ್, ಕಪ್ಪು ಒಂದು 139. ಎರಡಕ್ಕೂ ಊನೋ ಅದೇ ಕಂಬ ಎತ್ತುತ್ತದೆ. ಓದುವ ವೇಗ ಇಳಿಸಿದರೆ ಅಂತರ ಕಿರಿದಾಗುತ್ತದೆ ನಿಜ. ಆಗ ಮೇಲಿನ ಕಂಪನಾಂಕದ ಸದ್ದೆಲ್ಲ ಮಡಚಿಕೊಂಡು ಕೆಳಗಿನ ಕಂಬಗಳಲ್ಲಿ ಬಂದು ಕೂರುತ್ತದೆ, ಅದನ್ನು ತಡೆಯಲು ಮುಂದೆ ಲೋ ಪಾಸ್ ಫಿಲ್ಟರ್ ಹಾಕಲೇಬೇಕು. ಡಬ್ಲ್ಯೂಎಸ್2812 ಎಲ್‌ಇಡಿ ಸ್ಟ್ರಿಪ್ ಇದ್ದರೆ ಇನ್ನೊಂದು ಕಿರಿಕಿರಿ: ಒಂದೊಂದು ಎಲ್‌ಇಡಿಗೂ ಸುಮಾರು 30 ಮೈಕ್ರೋಸೆಕೆಂಡ್ ಇಂಟರಪ್ಟ್ (ನಡುವೆ ಬೇರೆ ಕೆಲಸಕ್ಕೆ ಕರೆಯುವ ಗಂಟೆ) ಬಂದ್. ಅಷ್ಟು ಹೊತ್ತು ಕಿವಿಯೂ ಬಂದ್.

ಊನೋಗಿಂತ ಚುರುಕಾದ ಇಎಸ್‌ಪಿ32 ಚಿಪ್‌ಗೆ ಐಎನ್‌ಎಂಪಿ441 ಡಿಜಿಟಲ್ ಮೈಕ್ ಜೋಡಿಸಿದಾಗ ಆಟವೇ ಬೇರೆ. ಮೈಕಿನ ಎಲ್/ಆರ್ ಪಿನ್ ಗ್ರೌಂಡಿಗೆ ಕೊಡಿ, ಎಡ ಚಾನೆಲ್ ಓದಿ. ಇಎಸ್‌ಪಿ32 ಒಳಗಿನ ಎಡಿಸಿ (ವೋಲ್ಟೇಜನ್ನು ಅಂಕೆಯಾಗಿಸುವ ಭಾಗ) ಸರಳ ರೇಖೆಯಲ್ಲಿ ಓದುವುದಿಲ್ಲ, ಅದರ ಸಹವಾಸ ಬೇಡ. ಸೆಕೆಂಡಿಗೆ 16000ದಂತೆ 4096 ಸ್ಯಾಂಪಲ್ ತಗೊಂಡರೆ ಅಂತರ 3.9 ಹರ್ಟ್ಸ್. ಬಿಳಿ ಒಂದು, ಕಪ್ಪು ಒಂದು ಬೇರೆಬೇರೆಯಾಗಿ ನಿಂತವು. ಆದರೆ ಅಷ್ಟು ಕೇಳಿಸಿಕೊಳ್ಳಲು ಕಾಲು ಸೆಕೆಂಡ್ ಬೇಕು. ಚಿಪ್ ಎಷ್ಟೇ ಚುರುಕಾಗಿರಲಿ, ಇದನ್ನು ತಪ್ಪಿಸಲಾಗದು. ಅದೇ ಸೆಟ್ಟಿಂಗ್‌ನಲ್ಲಿ ಲೈಟ್ ಕುಣಿಸಿದರೆ ತಾಳ ಮುಂದೆ, ಬೆಳಕು ಹಿಂದೆ. 512ಕ್ಕೆ ಇಳಿಸಿದ ಮೇಲೆ ಸರಿಹೋಯಿತು.

ತಂಬೂರಿಯದು ಇನ್ನೊಂದು ತರಲೆ. ಜವಾರಿಯಿಂದಾಗಿ (ತಂತಿಯ ಝೇಂಕಾರದಿಂದಾಗಿ) ಮೇಲಿನ ಸ್ವರಾಂಶಗಳೇ ಜೋರು. ಎತ್ತರದ ಕಂಬವನ್ನೇ ಷಡ್ಜ ಅಂದುಕೊಂಡರೆ ತಾರಷಡ್ಜಕ್ಕೋ ಅದರಾಚೆಯ ಪಂಚಮಕ್ಕೋ ಹಾರಿಬಿಡುತ್ತದೆ. ಆಟೋಕೋರಿಲೇಶನ್ (ಅಲೆ ಎಷ್ಟು ಹೊತ್ತಿಗೊಮ್ಮೆ ಮರುಕಳಿಸುತ್ತದೆ ಎಂದು ನೋಡುವ ಲೆಕ್ಕ) ಹಾಕಿದ ಮೇಲೆ ನನ್ನದು ಸರಿಯಾದ ಷಡ್ಜಕ್ಕೆ ಇಳಿಯಿತು.

ನನ್ನ ಆಯ್ಕೆ ಕೇಳಿದರೆ, ಲೈಟಿಗೆ ಅಸಲಿ ಎಂಎಸ್‌ಜಿಇಕ್ಯೂ7 ಸಿಕ್ಕರೆ ಅದೇ. ಶ್ರುತಿಗೆ ಇಎಸ್‌ಪಿ32 ಬಿಟ್ಟರೆ ಬೇರೆ ಇಲ್ಲ. ಅದೂ ತಂತಿ ಬಿಗಿಯಲು ಆಗುವಷ್ಟು ಸೂಕ್ಷ್ಮ ಅಲ್ಲ, ಶ್ರುತಿಯ ಹೆಸರು ಹೇಳುತ್ತದೆ ಅಷ್ಟೆ.