ಹಳೆಯ ಕ್ಯಾಮಿಯೊ: ಕಲ್ಲಿನದೋ, ಚಿಪ್ಪಿನದೋ?

ಹತ್ತೊಂಬತ್ತನೆಯ ಶತಮಾನದ ಇಟಲಿಯ ಕ್ಯಾಮಿಯೊ, ಅಂದರೆ ಉಬ್ಬುಚಿತ್ರ ಕೆತ್ತಿದ ಒಡವೆ, ಕೊಳ್ಳಲು ಹೊರಟವರು ಮೊದಲು ಇದನ್ನು ತೀರ್ಮಾನಿಸಬೇಕು: ಸಾರ್ಡೊನಿಕ್ಸ್‌ನಂಥ ಪದರಗಲ್ಲಿನದು ಬೇಕೋ, ನೇಪಲ್ಸ್ ಬಳಿಯ ಟೊರ್ರೆ ದೆಲ್ ಗ್ರೆಕೊದ ಕುಶಲಿಗಳು ಹೆಸರಾದ ಕಡಲ ಚಿಪ್ಪಿನ ಕೆತ್ತನೆ ಬೇಕೋ? ಗ್ರೀಕ್ ಪುರಾಣದ ಮೆಡೂಸಾ, ಅಥೀನಾ ಎರಡರಲ್ಲೂ ಸಿಗುತ್ತಾರೆ.

ಕಲ್ಲಿನ ಗಡಸುತನ ಹತ್ತರವರೆಗಿನ ಮೋಸ್ ಮಾಪಕದಲ್ಲಿ 6.5ರಿಂದ 7. ಅದಕ್ಕೆ ಉಳಿ ನಾಟುವುದಿಲ್ಲ. ತಿರುಗುವ ಪುಟ್ಟ ಚಕ್ರಕ್ಕೆ ಎಣ್ಣೆ ಬೆರೆಸಿದ ವಜ್ರದ ಪುಡಿ ಹಚ್ಚಿ ತಾಳ್ಮೆಯಿಂದ ತೇಯಬೇಕು. ಬೆಲೆ ಹೆಚ್ಚಿರುವುದು ಆ ದುಡಿಮೆಗೆ. ವಿಯೆನ್ನಾದ ಸಂಗ್ರಹಾಲಯದಲ್ಲಿರುವ ರೋಮನ್ನರ ಕಲ್ಲಿನ ಕ್ಯಾಮಿಯೊ ‘ಜೆಮ್ಮಾ ಅಗಸ್ಟಿಯಾ’ಕ್ಕೆ ಸುಮಾರು ಎರಡು ಸಾವಿರ ವರ್ಷ, ಆಕೃತಿಗಳ ಅಂಚು ಇಂದಿಗೂ ಚೂಪಾಗಿದೆ.

ಚಿಪ್ಪು ಮೆದು, ಹಗುರ, ಅಗ್ಗ. ಕೈಯುಳಿಗೆ ಒಲಿಯುವುದರಿಂದ ಗುಂಗುರು ಕೂದಲು, ಬಟ್ಟೆಯ ನೆರಿಗೆ ಇದರಲ್ಲಿ ಸಲೀಸಾಗಿ ಮೂಡುತ್ತವೆ. ಆದರೆ ಮೂಗು, ಕೆನ್ನೆ ಬೇಗ ಸವೆಯುತ್ತವೆ, ಒಣಹವೆಗೆ ಬಿರುಕು ಬಿಡುತ್ತದೆ, ಸುಗಂಧದ್ರವ್ಯ ತಾಗಬಾರದು.

ದಿನವೂ ತೊಡುವ ಉಂಗುರಕ್ಕೆ ಕಲ್ಲನ್ನೇ ಆರಿಸಿ, ಇದರಲ್ಲಿ ನನಗೆ ಎರಡು ಮಾತಿಲ್ಲ. ಆಗೊಮ್ಮೆ ಈಗೊಮ್ಮೆ ಸೀರೆಗೆ ಸಿಕ್ಕಿಸುವ ಪಿನ್ನಿಗೆ ಚಿಪ್ಪು ಸಾಕು, ಚೆಲುವಿನಲ್ಲಿ ಅದು ಕಡಿಮೆಯೇನಲ್ಲ.

ಎರಡನ್ನೂ ಗುರುತಿಸುವುದು ಹೀಗೆ: ಬೆಳಕಿಗೆ ಹಿಡಿದಾಗ ಚಿಪ್ಪಿನ ಮೂಲಕ ಬೆಳಕು ಹಾಯುತ್ತದೆ, ಹಿಂಬದಿ ತುಸು ಗುಳಿಯಾಗಿರುತ್ತದೆ. ಕಲ್ಲು ಮುಟ್ಟಿದರೆ ತಣ್ಣಗಿರುತ್ತದೆ. ಅದರ ಪದರಗಳ ನಡುವೆ ಅಂಟಿನ ಗೆರೆ ಇದೆಯೇ ಎಂದು ಭೂತಗನ್ನಡಿಯಲ್ಲಿ ನೋಡಿ; ಇದ್ದರೆ ಅದು ಒಂದೇ ಕಲ್ಲಿನದಲ್ಲ, ಅಂಟಿಸಿದ್ದು. ಮೈಯೆಲ್ಲ ಒಂದೇ ತೆರನಾಗಿ ಮಂಕಾಗಿದ್ದರೆ ಅದು ಇತ್ತೀಚಿನ ಯಂತ್ರದ ಕೆತ್ತನೆಯಿರಬಹುದು.