ಹಿಂದಿನ ಬ್ರೇಕ್ ಪ್ಯಾಡ್ ಬದಲಿಸಲು ಸಿ-ಕ್ಲಾಂಪ್ ಕೈಗೆತ್ತಿಕೊಳ್ಳುವ ಮುನ್ನ

ಮುಂದಿನ ಚಕ್ರದ ಪ್ಯಾಡ್ ಒಮ್ಮೆ ಬದಲಿಸಿದವರಿಗೆ ಹಿಂದಿನದು ಇನ್ನೂ ಸುಲಭ ಅನ್ನಿಸುತ್ತದೆ. ಪ್ಯಾಡನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಚಿಕ್ಕದು, ಪ್ಯಾಡೂ ಚಿಕ್ಕದು. ಇದೇ ಧೈರ್ಯದಲ್ಲಿ ಒಬ್ಬರು ಕೈ ಹಾಕಿ ತಮ್ಮ ಕಾರಿನ ಹಿಂದಿನ ಎರಡೂ ಕ್ಯಾಲಿಪರ್ ಕೆಡಿಸಿಕೊಂಡರು. ಹಳೆಯ ಪ್ಯಾಡ್ ಸವೆದು 2 ಮಿ.ಮೀ.ಗೆ ಇಳಿದಿತ್ತು, ಆದ್ದರಿಂದ ಬದಲಿಸಲು ಹೊರಟಿದ್ದೇನೋ ಸರಿ. ಎಡವಿದ್ದು ಪಿಸ್ಟನ್, ಅಂದರೆ ಕ್ಯಾಲಿಪರ್‌ನೊಳಗಿಂದ ಬಂದು ಪ್ಯಾಡನ್ನು ತಳ್ಳುವ ಭಾಗ, ಒಳಗೆ ತಳ್ಳುವಾಗ.

ಹೊಸ ಪ್ಯಾಡ್ ದಪ್ಪ ಇರುವುದರಿಂದ ಹೊರಗೆ ಬಂದಿರುವ ಪಿಸ್ಟನ್ ಹಿಂದಕ್ಕೆ ಹೋಗಲೇಬೇಕು. ಎಡಗಡೆಯದಕ್ಕೆ ಸಿ-ಕ್ಲಾಂಪ್ (ತಿರುಪಿನಿಂದ ಒತ್ತಿ ಹಿಡಿಯುವ ಸಿ ಆಕಾರದ ಸಾಧನ) ಹಾಕಿ ಬಿಗಿದರೆ ಪಿಸ್ಟನ್ ಒಂಚೂರು ಸರಿದು ಗಟ್ಟಿಯಾಗಿ ನಿಂತಿತು. ತುಕ್ಕು ಹಿಡಿದಿರಬೇಕು ಎಂದುಕೊಂಡು ಕ್ಲಾಂಪಿನ ಹಿಡಿಗೆ ಪೈಪ್ ಸಿಕ್ಕಿಸಿ ಜಗ್ಗಿದರು. ಒಳಗಿನಿಂದ ‘ಕಟಕ್’ ಎಂದಿತು, ಆಮೇಲೆ ಪಿಸ್ಟನ್ ಸಲೀಸಾಗಿ ಹೋಯಿತು. ಬಲಗಡೆ ಬುದ್ಧಿ ಬಂದು ಪಕ್ಕಡ್‌ನಿಂದ ತಿರುಗಿಸಿದರು. ಅದೂ ಒಳಗೆ ಹೋಯಿತು, ಆದರೆ ಎಲ್ಲಿ ನಿಂತಿದೆ ಎಂದು ಯಾರೂ ನೋಡಲಿಲ್ಲ. ಕೆಲವೇ ದಿನಗಳಲ್ಲಿ ಎಡ ಚಕ್ರದಲ್ಲಿ ಹ್ಯಾಂಡ್‌ಬ್ರೇಕ್ ಹಿಡಿಯುವುದೇ ನಿಂತಿತು, ಬಲ ಚಕ್ರದಿಂದ ಸುಟ್ಟ ವಾಸನೆ ಶುರುವಾಯಿತು. ಬಿಚ್ಚಿ ನೋಡಿದರೆ ಬಲಗಡೆಯ ಒಳಪ್ಯಾಡ್ ಒಂದು ತುದಿಯಲ್ಲಿ ಹೊಸದರಂತೆ, ಇನ್ನೊಂದು ತುದಿಯಲ್ಲಿ ಉಳಿಯ ಬಾಯಂತೆ ಸವೆದಿತ್ತು. ಡಿಸ್ಕ್ ನೀಲಿಗಟ್ಟಿತ್ತು.

ಕಾರಣ ಇಷ್ಟೇ. ಹ್ಯಾಂಡ್‌ಬ್ರೇಕ್ ಕೇಬಲ್ ನೇರವಾಗಿ ಕ್ಯಾಲಿಪರ್‌ಗೆ ಬರುವ ಕಾರುಗಳಲ್ಲಿ ಪಿಸ್ಟನ್ ಒಳಗೆ ಮರೆ (ತಿರುಪಿನ ಥ್ರೆಡ್) ಇರುವ ಒಂದು ಕಡ್ಡಿ ಇರುತ್ತದೆ. ಪ್ಯಾಡ್ ಸವೆದಂತೆಲ್ಲ ಪಿಸ್ಟನ್ ಆ ಮರೆಯ ಮೇಲೆ ತಾನೇ ಮುಂದೆ ಸರಿದು ಹ್ಯಾಂಡ್‌ಬ್ರೇಕನ್ನು ಹೊಂದಿಸಿಕೊಳ್ಳುತ್ತದೆ. ಇದು ಹಿಂದೆ ಹೋಗಬೇಕಾದರೂ ತಿರುಪಿನ ಹಾಗೆ ತಿರುಗಿಯೇ ಹೋಗಬೇಕು. ನೇರ ಒತ್ತಿದರೆ ಮರೆ ಕಿತ್ತು ಬರುತ್ತದೆ, ಇಲ್ಲವೇ ಹೊಂದಿಸುವ ಭಾಗ ಮುರಿಯುತ್ತದೆ. ಆಮೇಲೆ ಕ್ಯಾಲಿಪರ್ ಬದಲಿಸದೆ ದಾರಿಯಿಲ್ಲ.

ಹಾಗಾಗಿ ಚಕ್ರ ಬಿಚ್ಚಿದ ಕೂಡಲೇ ಕ್ಯಾಲಿಪರ್ ಬೆನ್ನು ನೋಡಿ. ಸನ್ನೆಗೋಲಿನಂಥ ಲಿವರ್ ಮತ್ತು ಕೇಬಲ್ ಇದ್ದರೆ ತಿರುಗಿಸುವ ಪಿಸ್ಟನ್. ವೈರ್ ಬಂದು ಸೇರುವ ಚಿಕ್ಕ ಮೋಟಾರ್ ಡಬ್ಬಿ ಇದ್ದರೆ ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್. ಎರಡೂ ಇಲ್ಲದಿದ್ದರೆ ಸಾಮಾನ್ಯವಾಗಿ ಹ್ಯಾಂಡ್‌ಬ್ರೇಕ್ ಶೂಗಳು ಡಿಸ್ಕಿನ ನಡುವಿನ ಡ್ರಮ್ಮಿನಲ್ಲಿ ಇರುತ್ತವೆ, ಅಲ್ಲಿ ಪಿಸ್ಟನ್ ನೇರ ಒತ್ತಬಹುದು.

ತಿರುಗಿಸುವ ಜಾತಿಗೆ ವಿಂಡ್‌ಬ್ಯಾಕ್ ಟೂಲ್ ಬೇಕು. ಅದು ಒತ್ತುತ್ತಲೇ ತಿರುಗಿಸುತ್ತದೆ, ಪಕ್ಕಡ್ ಬರೀ ತಿರುಗಿಸುತ್ತದೆ ಮತ್ತು ರಬ್ಬರ್ ಗೀಚುತ್ತದೆ. ಹೆಚ್ಚಿನ ಕಾರುಗಳಲ್ಲಿ ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಒಳಗೆ ಹೋಗುತ್ತದೆ, ಕೆಲವದರಲ್ಲಿ ಒಂದು ಬದಿಗೆ ಮಾತ್ರ ಉಲ್ಟಾ. ಹೋಗುತ್ತಿಲ್ಲ ಅಥವಾ ಹೊರಗೆ ಬರುತ್ತಿದೆ ಅನ್ನಿಸಿದರೆ ಬಲ ಹಾಕಬೇಡಿ, ದಿಕ್ಕು ನೋಡಿ. ಅರ್ಧ ಸುತ್ತಿಗೊಮ್ಮೆ ಪಿಸ್ಟನ್ ಸುತ್ತಲಿನ ರಬ್ಬರ್ ಬೂಟ್ ಮೇಲೂ ಕಣ್ಣಿಡಿ. ಪಿಸ್ಟನ್ ಜೊತೆ ಅದೂ ಹಿಂಡಿದ ಬಟ್ಟೆಯಂತೆ ಮುರುಟುತ್ತಿದ್ದರೆ ನಿಲ್ಲಿಸಿ, ಬೆರಳಿನಿಂದ ಬಿಡಿಸಿ ಮುಂದುವರಿಯಿರಿ. ಹರಿದ ಬೂಟಿನೊಳಗೆ ನೀರು ಹೋಗಿ ಪಿಸ್ಟನ್ ಜಾಮ್ ಆಗುತ್ತದೆ.

ಈಗ ಬಲಗಡೆ ಆದ ತಪ್ಪು. ಈ ಪಿಸ್ಟನ್ ಮುಖದ ಮೇಲೆ ಕೂಡಿಸುವ ಚಿಹ್ನೆಯಂತೆಯೋ ಒಂದೇ ಗೆರೆಯಂತೆಯೋ ಕಚ್ಚು ಇರುತ್ತದೆ. ಒಳಪ್ಯಾಡಿನ ಬೆನ್ನಿಗೆ ಚಿಕ್ಕ ಗುಬುಟು. ಕ್ಯಾಲಿಪರ್ ಕೂರಿಸಿದಾಗ ಗುಬುಟು ಕಚ್ಚಿನೊಳಗೆ ಕೂರಬೇಕು. ಅದು ಕಚ್ಚಿನ ಪಕ್ಕದ ಉಬ್ಬಿನ ಮೇಲೆ ಕೂತರೆ ಪ್ಯಾಡ್ ಓರೆಯಾಗಿ ಡಿಸ್ಕಿಗೆ ಉಜ್ಜುತ್ತಲೇ ಇರುತ್ತದೆ. ಕೊನೆಯ ಕಾಲು ಸುತ್ತನ್ನು ಇದನ್ನು ನೋಡಿಕೊಂಡೇ ತಿರುಗಿಸಿ. ಕ್ಯಾಲಿಪರ್ ಕೈಯಿಂದಲೇ ಬಂದು ಕೂರಬೇಕು. ಬೋಲ್ಟ್ ಬಿಗಿದು ಎಳೆಸುವ ಪರಿಸ್ಥಿತಿ ಬಂತೆಂದರೆ ಎಲ್ಲೋ ತಪ್ಪಿದೆ.

ಎಲೆಕ್ಟ್ರಾನಿಕ್ ಪಾರ್ಕಿಂಗ್ ಬ್ರೇಕ್ ಇದ್ದರೆ ಮೊದಲು ಸರ್ವಿಸ್ ಮೋಡ್‌ಗೆ ಹಾಕಬೇಕು. ಕೆಲವು ಕಾರುಗಳಲ್ಲಿ ಬಟನ್ ಮತ್ತು ಪೆಡಲ್ ಒತ್ತುವ ಕ್ರಮದಿಂದಲೇ ಆಗುತ್ತದೆ, ಹಲವದಕ್ಕೆ ಕಾರಿನ ಕಂಪ್ಯೂಟರಿಗೆ ಜೋಡಿಸುವ ಸ್ಕ್ಯಾನರ್ ಬೇಕು. ಮೋಟಾರ್ ತನ್ನ ನಟ್ಟನ್ನು ಹಿಂದೆಳೆದ ಮೇಲೆ ಪಿಸ್ಟನ್ ನೇರ ಒತ್ತಬಹುದು, ಅದಕ್ಕೂ ಮೊದಲು ಒತ್ತಿದರೆ ಒಳಗಿನ ಭಾಗ ಮುರಿಯಬಹುದು. ಬ್ಯಾಟರಿ ಸುಸ್ತಾಗಿದ್ದರೆ ಚಾರ್ಜರ್ ಹಾಕಿಕೊಂಡೇ ಶುರು ಮಾಡಿ. ಪ್ಯಾಡ್ ಹೊರಗಿರುವಾಗ ಪಾರ್ಕಿಂಗ್ ಬಟನ್ ಮುಟ್ಟಬೇಡಿ.

ಹ್ಯಾಂಡ್‌ಬ್ರೇಕ್ ಇಳಿಸದೆ ಈ ಕೆಲಸ ಆಗುವುದಿಲ್ಲ, ಇಳಿಸಿದರೆ ಗಾಡಿ ಉರುಳಬಹುದು. ಸಮತಟ್ಟಾದ ಜಾಗ, ಮುಂದಿನ ಎರಡೂ ಚಕ್ರಕ್ಕೆ ಹಿಂದೆ ಮುಂದೆ ಅಡೆ, ಕಾರಿನ ಭಾರ ಜಾಕ್ ಮೇಲಲ್ಲ, ಸ್ಟ್ಯಾಂಡ್ ಮೇಲೆ. ಪಿಸ್ಟನ್ ಒಳಗೆ ಹೋದಷ್ಟೂ ಬ್ರೇಕ್ ಆಯಿಲ್ ಮೇಲೆ ಡಬ್ಬಿಗೆ ಬರುತ್ತದೆ. ನಡುವೆ ಯಾರಾದರೂ ಆಯಿಲ್ ತುಂಬಿಸಿದ್ದರೆ ಅದು ಉಕ್ಕಿ ಬಣ್ಣ ತಿನ್ನುತ್ತದೆ, ಆದ್ದರಿಂದ ಮೊದಲೇ ಸ್ವಲ್ಪ ತೆಗೆದಿಡಿ. ಚೆಲ್ಲಿದರೆ ಕೂಡಲೇ ನೀರು ಹಾಕಿ ತೊಳೆಯಿರಿ. ಬಿಚ್ಚಿದ ಕ್ಯಾಲಿಪರ್ ಬ್ರೇಕ್ ಪೈಪಿನಲ್ಲಿ ಜೋತಾಡದಂತೆ ತಂತಿಯಿಂದ ಸಸ್ಪೆನ್ಷನ್ ಸ್ಪ್ರಿಂಗಿಗೆ ಕಟ್ಟಿ.

ಕ್ಯಾಲಿಪರ್ ಜಾರುವ ಗೈಡ್ ಪಿನ್ನಿಗೆ ಬ್ರೇಕಿಗೆಂದೇ ಸಿಗುವ ಸಿಲಿಕೋನ್ ಗ್ರೀಸ್ ಮಾತ್ರ ಹಚ್ಚಿ. ಬೇರಿಂಗಿಗೆ ಹಚ್ಚುವ ಮಾಮೂಲಿ ಗ್ರೀಸ್‌ನಿಂದ ರಬ್ಬರ್ ಊದಿ ಪಿನ್ ಸಿಕ್ಕಿಬೀಳುತ್ತದೆ, ಒಂದೇ ಪ್ಯಾಡ್ ಬೇಗ ಸವೆಯುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಎರಡು ಪಿನ್ ಒಂದೇ ಥರ ಇರದಿದ್ದರೆ ಅದಲು ಬದಲು ಮಾಡಬೇಡಿ. ಪ್ಯಾಡ್ ಜಾರುವ ಸ್ಟೀಲ್ ಕ್ಲಿಪ್ಪುಗಳ ಕೆಳಗಿನ ತುಕ್ಕು ಬ್ರಷ್‌ನಿಂದ ಕೆರೆದು ತೆಗೆಯಿರಿ. ಧೂಳನ್ನು ಗಾಳಿ ಹೊಡೆದು ಹಾರಿಸಬೇಡಿ, ಬ್ರೇಕ್ ಕ್ಲೀನರ್ ಸಿಂಪಡಿಸಿ ಒರೆಸಿ. ಡಿಸ್ಕಿನ ಕನಿಷ್ಠ ದಪ್ಪ ಸಾಮಾನ್ಯವಾಗಿ ಅದರ ಮೇಲೇ ಕೆತ್ತಿರುತ್ತದೆ, ಅದಕ್ಕಿಂತ ತೆಳುವಾಗಿದ್ದರೆ ಹೊಸ ಪ್ಯಾಡ್ ಹಾಕಿ ಪ್ರಯೋಜನವಿಲ್ಲ. ಬೋಲ್ಟುಗಳ ಬಿಗಿತಕ್ಕೆ ಆ ಮಾದರಿಯ ಮ್ಯಾನ್ಯುವಲ್ ನೋಡಿ. ಪಿನ್ ಬೋಲ್ಟಿಗೂ ಕ್ಯಾಲಿಪರ್ ಕೂರುವ ಬ್ರಾಕೆಟ್‌ನ ಬೋಲ್ಟಿಗೂ ಬಹಳ ವ್ಯತ್ಯಾಸ ಇರುತ್ತದೆ.

ಎಲ್ಲ ಜೋಡಿಸಿದ ಮೇಲೆ ಮೊದಲ ಸಲ ಒತ್ತಿದಾಗ ಪೆಡಲ್ ನೆಲಕ್ಕೆ ಹೋಗುತ್ತದೆ. ಎಂಜಿನ್ ಶುರು ಮಾಡುವ ಮೊದಲೇ ಗಟ್ಟಿಯಾಗುವವರೆಗೆ ಒತ್ತಿ, ಆಮೇಲೆ ಹ್ಯಾಂಡ್‌ಬ್ರೇಕ್ ಹಲವು ಸಲ ಎಳೆದು ಬಿಡಿ. ಕ್ಯಾಲಿಪರ್ ಮೇಲಿನ ಲಿವರ್ ಪ್ರತಿ ಸಲ ತನ್ನ ತಡೆಗೆ ಪೂರ್ತಿ ಮರಳಬೇಕು, ಮರಳದಿದ್ದರೆ ಕೇಬಲ್ ಬಿಗಿಯಾಗಿದೆ ಅಥವಾ ಲಿವರೇ ಜಾಮ್ ಆಗಿದೆ. ಹೊಸ ಪ್ಯಾಡ್ ಡಿಸ್ಕಿಗೆ ಹೊಂದಿಕೊಳ್ಳಲು ಖಾಲಿ ರಸ್ತೆಯಲ್ಲಿ 60 ಕಿ.ಮೀ. ವೇಗದಿಂದ 20ಕ್ಕೆ ಎಂಟು ಹತ್ತು ಸಲ ಮೆತ್ತಗೆ ಇಳಿಸಿ, ಪೂರ್ತಿ ನಿಲ್ಲಿಸಬೇಡಿ. ಡಿಸ್ಕ್ ತಣ್ಣಗಾದ ಮೇಲೆ ಬ್ರೇಕ್ ಹೆಚ್ಚು ಒತ್ತದೆ ನಾಲ್ಕೈದು ಕಿ.ಮೀ. ಓಡಿಸಿ ಇಳಿದು, ಎರಡೂ ಹಿಂದಿನ ಚಕ್ರದ ಹತ್ತಿರ ಅಂಗೈ ಹಿಡಿಯಿರಿ, ಡಿಸ್ಕ್ ಮುಟ್ಟಬೇಡಿ. ಒಂದು ಕಡೆ ಮಾತ್ರ ಕಾವು ಹೊಡೆಯುತ್ತಿದ್ದರೆ ಆ ಚಕ್ರ ಅವತ್ತೇ ಮತ್ತೆ ಬಿಚ್ಚಿ, ಮೊದಲು ಗುಬುಟು ಕಚ್ಚಿನೊಳಗೆ ಕೂತಿದೆಯೇ ನೋಡಿ.